ಸಣ್ಣ ಗೇಟಿನಲ್ಲಿ ಗಳ ತಿರುಗುವುದಿಲ್ಲ

ಅವಳ ಎಡಗೈಯ ನಡುಬೆರಳು ಸೊಟ್ಟ. ಹುಟ್ಟಿನಿಂದ ಬಂದದ್ದಲ್ಲ. ಮೂರು ವರ್ಷದ ಹಿಂದೆ ಶಾಲೆಯ ಗೇಟಿನವನು ಕೋಲಿನಿಂದ ಹೊಡೆದು ಮುರಿದದ್ದು. ಅವಳು ಮಾಡಿದ ತಪ್ಪು ಇಷ್ಟೇ. ಕಾಂಪೌಂಡ್ ಹಾರಿ ಒಳಗೆ ಹೋಗಿ, ಬಿದಿರು ಮೆಳೆಯಿಂದ ಒಂದು ಗಳ ಕಡಿದಿದ್ದಳು.

ಆ ಮೆಳೆ ನೆಟ್ಟವಳು ಅವಳ ಅಜ್ಜಿ. ಮೆಳೆಯ ಪಕ್ಕದಲ್ಲೇ ಅವರ ಗುಡಿಸಲಿತ್ತು. ಹನ್ನೆರಡು ವರ್ಷದ ಹಿಂದೆ ಶಾಲೆ ಬಂತು, ಶಾಲೆಯ ಹಿಂದೆ ಗೋಡೆ ಬಂತು. ಗೋಡೆಗೆ ಕಾಗದಪತ್ರ ಇತ್ತು, ಅಜ್ಜಿಗೆ ಇರಲಿಲ್ಲ. ಅಷ್ಟಕ್ಕೇ ಮೆಳೆ ಶಾಲೆಯದಾಯಿತು, ಮೊಮ್ಮಗಳು ಕಳ್ಳಿಯಾದಳು.

ಈಗ ಅದೇ ಶಾಲೆಯವರು ಹೇಳಿಕಳಿಸಿದ್ದರು. ಮಕ್ಕಳಿಗೆ ಪ್ರಕೃತಿ ಕಲೆ, ಹಳೆಯ ಕಸುಬು ಕಲಿಸಬೇಕೆಂದು ಮೇಲಿನಿಂದ ಆದೇಶ ಬಂದಿದೆಯಂತೆ. ಬುಟ್ಟಿ ಹೆಣೆಯುವವರು ಬೇಕಂತೆ.

"ಹೋಗ್ಬೇಡ," ಎಂದಳು ಅಕ್ಕ. "ಬೆರಳು ಒಂದೇ ಮುರಿದ್ರಲ್ಲ, ಮಿಕ್ಕಿದ್ದನ್ನೂ ಲೆಕ್ಕ ಹಾಕೋಕೆ ಕರೀತಿದ್ದಾರೆ."

ಅಕ್ಕನ ಬಾಯಿ ಅಂಥದು. ಕಣ್ಣು ಮಂಜಾಗಿ ಐದು ವರ್ಷವಾಯಿತು. ಬೆರಳಲ್ಲೇ ನೋಡಿ ಹೆಣೆಯುತ್ತಾಳೆ. ಬಾಯಿ ಮಾತ್ರ ಮೊದಲಿಗಿಂತ ಚೂಪಾಗಿದೆ. ಅಕ್ಕತಂಗಿಯರ ಗಂಡಂದಿರ ಕಥೆ ಇಲ್ಲಿ ಬೇಡ. ಒಬ್ಬ ಸತ್ತ, ಒಬ್ಬ ಹೋದ. ಉಳಿದದ್ದು ಇಬ್ಬರು ಹೆಂಗಸರು, ಒಂದು ಕತ್ತಿ, ನಾಲ್ಕು ಕೈ. ಬಿದಿರು ಬೇಕೆಂದರೆ ಹೊಳೆ ದಂಡೆಗೆ ಹೋಗಬೇಕು. ಬೆಳಿಗ್ಗೆ ಹೊರಟರೆ ಬಿಸಿಲು ನೆತ್ತಿಗೇರಿದಾಗ ಹೊಳೆ, ಕತ್ತಲಾಗುವಾಗ ಮನೆ. ಎರಡು ಗಳ ಹೊತ್ತರೆ ಭುಜ ಊದಿಕೊಂಡು ಮೂರು ದಿನ ತೋಳು ಮೇಲೇಳುವುದಿಲ್ಲ. ವಯಸ್ಸು ಐವತ್ತರ ಮೇಲಾಗಿದೆ. ಇನ್ನೊಂದು ವರ್ಷ ಹೀಗೇ ಆದರೆ ಕತ್ತಿ ಮೂಲೆಗಿಟ್ಟು ಯಾವುದಾದರೂ ಹೋಟೆಲಿನಲ್ಲಿ ತಟ್ಟೆ ತೊಳೆಯಲು ಹೋಗಬೇಕು. ಅಕ್ಕನಿಗೆ ಆ ಕೆಲಸವನ್ನೂ ಯಾರೂ ಕೊಡುವುದಿಲ್ಲ.

ಮನೆಯಿಂದ ಮೆಳೆ ಕೂಗಳತೆಯಲ್ಲಿದೆ. ಗಾಳಿ ಬಂದರೆ ಬಿದಿರು ಒಂದಕ್ಕೊಂದು ತಿಕ್ಕಿ ಕಿರುಗುಟ್ಟುವುದು ಮನೆಯೊಳಗೇ ಕೇಳುತ್ತದೆ. ಕೇಳಿಸಿಕೊಂಡು ಸುಮ್ಮನಿರಬೇಕು. ಇದಕ್ಕಿಂತ ಹೊಟ್ಟೆ ಉರಿ ಇನ್ನೇನಿದೆ?

ಅವಳು ಹೋದಳು.

ಶಾಲೆಯ ದೊಡ್ಡ ಮೇಡಂ ಅವಳನ್ನು ನಿಲ್ಲಿಸಿಕೊಂಡೇ ಮಾತಾಡಿದರು. ಕೋಣೆಯಲ್ಲಿ ನಾಲ್ಕು ಕುರ್ಚಿ ಖಾಲಿಯಿದ್ದವು. ವಾರಕ್ಕೆ ಎರಡು ದಿನ, ಇಪ್ಪತ್ತು ಮಕ್ಕಳು, ಜೊತೆಗೆ ಡ್ರಾಯಿಂಗ್ ಮಾಸ್ಟರು ಇರುತ್ತಾರೆ ಎಂದರು. ಕೊಡುವುದು ಎಷ್ಟೆಂದು ಹೇಳಹೊರಟಾಗ ಅವಳು ಅಡ್ಡ ಬಾಯಿ ಹಾಕಿದಳು.

"ಅದು ಬೇಡ ಮೇಡಂ. ವಾರಕ್ಕೆ ಎರಡು ಗಳ ಕಡ್ಕೊಳ್ಳೋಕೆ ಬಿಡಿ. ಹಿಂದಿನ ಮೆಳೆಯಿಂದ. ಪಾಠ ಮುಗಿದ ಮೇಲೂ."

ಮೇಡಂಗೆ ನಗು ಬಂತು. ಇಷ್ಟು ಅಗ್ಗಕ್ಕೆ ಮೇಷ್ಟ್ರು ಸಿಗುತ್ತಾರೆಂದು ಅವರು ಎಣಿಸಿರಲಿಲ್ಲ. "ಆಗ್ಲಿ, ಕಡ್ಕೋ," ಎಂದರು. ಒಂದು ಮಾತು ಸೇರಿಸಿದರು. ದೊಡ್ಡ ಗೇಟಿನಿಂದ ಬರಬಾರದು, ಪೋಷಕರು ಓಡಾಡುತ್ತಾರೆ. ಪಕ್ಕದ ಸಣ್ಣ ಗೇಟಿನಿಂದ ಬಂದು ಹೋಗಬೇಕು.

ಸಣ್ಣ ಗೇಟು ಎಂದರೆ ಕಸದ ಬಂಡಿ ಹೋಗುವ ಓಣಿ. ಎರಡು ಗೋಡೆಗಳ ನಡುವೆ ಹತ್ತು ಹೆಜ್ಜೆ ನಡೆದು ಬಲಕ್ಕೆ ತಿರುಗಬೇಕು. ಮನುಷ್ಯ ತಿರುಗುತ್ತಾನೆ, ಕಸದ ಬಂಡಿಯೂ ತಿರುಗುತ್ತದೆ. ಇಪ್ಪತ್ತು ಅಡಿಯ ಗಳ ತಿರುಗುವುದಿಲ್ಲ. ಮೊದಲ ವಾರ ಅವಳು ಎತ್ತಿ ನೋಡಿದಳು, ಓರೆ ಮಾಡಿ ನೋಡಿದಳು. ಗೇಟಿನವನು ದೂರದಲ್ಲಿ ನಿಂತು ನೋಡುತ್ತಿದ್ದ. ಕೊನೆಗೆ ಅಲ್ಲೇ ಕೂತು ಗಳವನ್ನು ಮೂರು ತುಂಡು ಮಾಡಿದಳು. ತುಂಡು ಗಳದಿಂದ ಬರುವುದು ತುಂಡು ಎಳೆ. ತುಂಡು ಎಳೆಯಿಂದ ಕಾಳು ತುಂಬುವ ದೊಡ್ಡ ಬುಟ್ಟಿ ಆಗುವುದಿಲ್ಲ, ಗೇಣುದ್ದದ ಆಟಿಕೆ ಬುಟ್ಟಿ ಆಗುತ್ತದೆ. ಅಕ್ಕ ಎಳೆಯನ್ನು ಬೆರಳಲ್ಲಿ ಸವರಿ, ಇದೇನು ಹಲ್ಲುಕಡ್ಡಿ ತಂದೆಯಾ ಎಂದು ಕೇಳಿದಳು.

ಕ್ಲಾಸು ನಡೆಯುತ್ತಿದ್ದದ್ದು ಶೌಚಾಲಯದ ಹಿಂದಿನ ಜಗುಲಿಯಲ್ಲಿ. ಬಿದಿರಿನ ಸಿಬಿರು ಕಸವಾಗುತ್ತದಲ್ಲ, ಅದಕ್ಕೆ. ಮಕ್ಕಳಿಗೆ ಚಾಪೆ, ಡ್ರಾಯಿಂಗ್ ಮಾಸ್ಟರಿಗೆ ಕುರ್ಚಿ, ಅವಳಿಗೆ ನೆಲ. ಹನ್ನೊಂದು ಗಂಟೆಗೆ ಚಹಾ ಬರುತ್ತಿತ್ತು. ಮಾಸ್ಟರಿಗೆ ಪಿಂಗಾಣಿ ಕಪ್ಪು, ಅವಳಿಗೆ ಕಾಗದದ ಲೋಟ. ಕುಡಿದ ಮೇಲೆ ಲೋಟವನ್ನು ಅವಳೇ ಕಸದ ಡಬ್ಬಿಗೆ ಹಾಕಬೇಕು. ಇದನ್ನು ಯಾರೂ ಬಾಯಿ ಬಿಟ್ಟು ಹೇಳಿರಲಿಲ್ಲ. ಹೇಳದೆಯೇ ನಡೆಯುವ ನಿಯಮಗಳು ಬರೆದ ನಿಯಮಗಳಿಗಿಂತ ಗಟ್ಟಿ.

ಮಕ್ಕಳು ಅವಳನ್ನು ಏನೆಂದು ಕರೆಯಬೇಕು ಎಂಬ ಮಾತು ಮೊದಲ ದಿನವೇ ಎದ್ದಿತು. ಬುಟ್ಟಿಯಮ್ಮ ಅನ್ನಿ ಎಂದರು ಮೇಡಂ. ಮುಂದಿನ ಸಾಲಿನಲ್ಲಿ ಎರಡು ಜಡೆಯ ಹುಡುಗಿಯೊಬ್ಬಳಿದ್ದಳು. ಯಾವ ಪಾಠದಲ್ಲೂ ಕೈ ಎತ್ತಿ ಕೇಳುತ್ತಲೇ ಇರುತ್ತಾಳೆಂದು ಅವಳಿಗೆ ಇಡೀ ಶಾಲೆ ಇಟ್ಟ ಅಡ್ಡಹೆಸರು 'ಪ್ರಶ್ನೆ'. ಕಲಿಸೋರಿಗೆ ಟೀಚರ್ ಅಂತ ತಾನೇ ಅನ್ನೋದು ಎಂದು ಅವಳು ಕೇಳಿದಳು. ಟೀಚರ್ ಆಗಬೇಕಾದರೆ ಓದಿರಬೇಕು ಎಂದು ಮೇಡಂ ಹೇಳಿದರು. ಬುಟ್ಟಿಯವಳು ಅಲ್ಲೇ ಕೂತಿದ್ದಳು. ಕತ್ತಿಗೆ ಕಲ್ಲು ತೀಡುತ್ತಿದ್ದಳು. ತೀಡುವುದು ನಿಲ್ಲಿಸಲಿಲ್ಲ.

ಕಲಿಸುವುದರಲ್ಲಿ ಅವಳು ಕಳ್ಳತನ ಮಾಡಲಿಲ್ಲ. ಅದು ಅವಳ ಸ್ವಭಾವದಲ್ಲಿರಲಿಲ್ಲ. ಗೆಣ್ಣಿನ ಮೇಲೆ ಕತ್ತಿ ಇಟ್ಟು ಸೀಳುವುದು, ಹೊರಸಿಪ್ಪೆಯನ್ನು ತಿರುಳಿನಿಂದ ಬಿಡಿಸುವುದು, ಎಳೆ ಮುರಿಯದ ಹಾಗೆ ನೀರು ಚಿಮುಕಿಸುವುದು, ಎಲ್ಲ ಹೇಳಿಕೊಟ್ಟಳು. ಮಕ್ಕಳು ಬೆರಳು ಕುಯ್ದುಕೊಂಡರು. ಹಸಿ ಬಿದಿರಿನ ಅಂಚು ಬ್ಲೇಡಿನ ಹಾಗೆ. ಒಬ್ಬ ಅತ್ತ. ಅವನ ಬೆರಳಿಗೆ ಬಟ್ಟೆ ಸುತ್ತಿ, ಈಗ ಬಿದಿರು ನಿನ್ನ ಗುರುತು ಹಿಡೀತು, ಇನ್ನು ಕಚ್ಚಲ್ಲ ಎಂದಳು. ಎಲ್ಲರೂ ನಕ್ಕರು, ಅತ್ತವನೂ ನಕ್ಕ.

ಎಳೆ ಸುತ್ತಿಬರುವ ಬುಟ್ಟಿಯ ನಿಲುಗಡ್ಡಿಗಳು ಬೆಸ ಸಂಖ್ಯೆಯಲ್ಲೇ ಇರಬೇಕೆಂದು ಹತ್ತು ಸಲ ಹೇಳಿದಳು. ಹದಿನೈದೋ ಹದಿನೇಳೋ. ಒಂದು ಸುತ್ತಿನಲ್ಲಿ ಕಡ್ಡಿಯ ಮೇಲೆ ಹೋದ ಎಳೆ ಮುಂದಿನ ಸುತ್ತಿನಲ್ಲಿ ಅದೇ ಕಡ್ಡಿಯ ಕೆಳಗೆ ಹೋಗಬೇಕು. ಆಗಲೇ ಹಿಡಿತ. ಕಡ್ಡಿ ಸಮ ಇದ್ದರೆ ಎಳೆ ಪ್ರತಿ ಸುತ್ತಿನಲ್ಲೂ ಅದೇ ದಾರಿ ಹಿಡಿಯುತ್ತದೆ, ಏನನ್ನೂ ಕಚ್ಚುವುದಿಲ್ಲ.

ಮೊದಲ ಬುಟ್ಟಿಯ ಮಾತನ್ನೂ ಹೇಳಿದಳು. ಅವರ ಮನೆತನದಲ್ಲಿ ಮೊದಲ ಬುಟ್ಟಿ ಹೆಣೆದವರದಲ್ಲ, ಕಲಿಸಿದವರದು. ಕಲಿಸಿದವರು ಅದಕ್ಕೆ ಮಣ್ಣು ತುಂಬಿ, ತಲೆಯ ಮೇಲಿಟ್ಟು, ತಮ್ಮ ಹೊಸ್ತಿಲವರೆಗೆ ಹೊರಬೇಕು. ತಳ ಹಿಡಿದರೆ ಎಲ್ಲರೆದುರು 'ಹೊತ್ತೆ' ಎನ್ನುತ್ತಾರೆ. ಆ ಒಂದು ಮಾತು ಬಂದ ಮೇಲೆಯೇ ಹೆಣೆದವರು ಕಸುಬಿನವರು. ಅಲ್ಲಿಯವರೆಗೆ ಅದು ಬುಟ್ಟಿಯೂ ಅಲ್ಲ. ಅವಳ ಮೊದಲ ಬುಟ್ಟಿಯ ತಳ ಕಿತ್ತು ಅಜ್ಜಿಯ ತಲೆಯಿಂದ ಕಾಲಿನವರೆಗೆ ಮಣ್ಣಾಗಿತ್ತು. ಅಕ್ಕ ಇವತ್ತಿಗೂ ಆ ಕಥೆ ಹೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ.

ಮಾಸ್ಟರು ಕುರ್ಚಿಯಲ್ಲಿ ಕೂತು ಎಲ್ಲವನ್ನೂ ಬರೆದುಕೊಂಡರು. ಅವಳ ಕೈಯ ಫೋಟೋ ತೆಗೆದರು, ಮುಖದ್ದು ತೆಗೆಯಲಿಲ್ಲ. ಒಂದು ದಿನ ಬಣ್ಣದ ಚಾರ್ಟು ತಂದು ಗೋಡೆಗೆ ಅಂಟಿಸಿದರು. ಅದರಲ್ಲಿ ಕಡ್ಡಿ ಹದಿನಾರು. ಹದಿನೇಳು ಮಾಡಿ ಸರ್ ಎಂದಳು. ಹದಿನಾರಿದ್ದರೆ ನಕ್ಷತ್ರದ ಹಾಗೆ ಎರಡೂ ಕಡೆ ಸರಿಸಮ ಕಾಣುತ್ತದೆ, ನಿನಗೆ ಇದೆಲ್ಲ ಗೊತ್ತಾಗಲ್ಲ ಎಂದು ಅವರು ನಕ್ಕರು.

ಒಂದು ದಿನ ಪ್ರಶ್ನೆ ಅವಳ ಕೈ ನೋಡಿ, ಆ ಬೆರಳು ಯಾಕೆ ಹಾಗಿದೆ ಎಂದು ಕೇಳಿದಳು. ಸುಳ್ಳು ಹೇಳಬಹುದಿತ್ತು. ಅವಳು ಹೇಳಲಿಲ್ಲ. ಈ ಮೆಳೆಯ ಗಳ ಕಡಿದದ್ದಕ್ಕೆ ನಿಮ್ಮ ಗೇಟಿನವನು ಹೊಡೆದದ್ದು, ಅದೇ ಮೆಳೆಯ ಬಿದಿರಿನಲ್ಲೇ ಈಗ ನೀವು ಕಲಿಯುತ್ತಿರುವುದು ಎಂದಳು. ಸಂಜೆ ಮೇಡಂ ಕರೆಸಿದರು. ಮಕ್ಕಳ ಮುಂದೆ ಅಂಥ ಕೆಟ್ಟ ವಿಷಯವೆಲ್ಲ ಬೇಡ, ಅವರ ಮನಸ್ಸು ಹೂವಿನಂಥದು ಎಂದರು. ಮುರಿದದ್ದು ಬೆರಳು, ನೊಂದದ್ದು ಹೂವು. ಅವಳು ನಾಲಿಗೆ ಕಚ್ಚಿಕೊಂಡು ಬಂದಳು. ವಾರಕ್ಕೆ ಎರಡು ಗಳ. ತುಂಡಾದರೂ ಗಳ.

ಏಳನೆಯ ವಾರ ಗೇಟಿನವನು ಸಣ್ಣ ಗೇಟನ್ನೂ ತೆಗೆಯಲಿಲ್ಲ. ಕಂಬಿಯ ಆ ಕಡೆಯಿಂದಲೇ ಹೇಳಿದ. ಇನ್ನು ಮಾಸ್ಟರೇ ನೋಡಿಕೊಳ್ಳುತ್ತಾರಂತೆ. ಕಲಿಯಬೇಕಾದದ್ದು ಕಲಿತಾಯಿತಂತೆ. ಅವರು ಬರೆದುಕೊಂಡದ್ದು ಪುಸ್ತಕ ಕೂಡ ಆಗಿದೆಯಂತೆ. ಮತ್ತೆ ಬಿದಿರು? ಬಿದಿರು ಶಾಲೆಯ ಆಸ್ತಿಯಂತೆ.

ಮನೆಗೆ ಬಂದು ಹೇಳಿದಾಗ ಅಕ್ಕ ತಮಾಷೆ ಮಾಡಲಿಲ್ಲ. ಅದೇ ಹೆಚ್ಚು ನೋವಾಯಿತು. ಕೈಯಲ್ಲಿದ್ದ ಗಿಡ್ಡ ಎಳೆಯನ್ನು ಬಿಡದೆ ಹೆಣೆಯುತ್ತ, "ಮೆಳೆ ಮೊದಲೇ ಕೊಟ್ಟಿದ್ವಿ. ಈಗ ಕಸುಬೂ ಕೊಟ್ಟು ಬಂದೆ," ಎಂದಳು.

ಎರಡು ವಾರದ ಮೇಲೆ ಮತ್ತೆ ಕರೆ ಬಂತು. ಶಾಲೆಯಲ್ಲಿ ಕರಕುಶಲ ಪ್ರದರ್ಶನ. ಅತಿಥಿಗಳ ಮುಂದೆ ಕೂತು ಹೆಣೆದು ತೋರಿಸಬೇಕು. ಬಿದಿರಿನ ವಿಷಯ ಪ್ರದರ್ಶನ ಮುಗಿದ ಮೇಲೆ ಮಾತಾಡೋಣ ಎಂದು ಮೇಡಂ ಹೇಳಿದ್ದಾರೆ. ಆ ಕೊನೆಯ ಮಾತಿಗೆ ಅವಳು ಮತ್ತೆ ಮರುಳಾದಳು. ಹಸಿದವರನ್ನು ಮರುಳು ಮಾಡುವುದು ಏನು ಮಹಾ ಕಷ್ಟ? ಇದ್ದುದರಲ್ಲಿ ಒಳ್ಳೆಯ ಬಟ್ಟೆಯನ್ನು ಒಗೆದು, ಮಡಿಕೆ ಮಾಡಿ ದಿಂಬಿನ ಕೆಳಗಿಟ್ಟು, ಬೆಳಿಗ್ಗೆ ಉಟ್ಟಳು. ಅಕ್ಕ ಬಟ್ಟೆಯ ಅಂಚು ಮುಟ್ಟಿ ನೋಡಿ, ಮದುವೆಗೆ ಹೋಗ್ತಿದ್ದೀಯಾ ಎಂದಳು. ಹೊರಡುವಾಗ, "ಕತ್ತಿ ಮರೀಬೇಡ," ಎಂದಳು.

ಮೇಡಂ ಅವಳನ್ನು ನೋಡಿ ಹುಬ್ಬು ಗಂಟಿಕ್ಕಿದರು. ಈ ಬಟ್ಟೆ ಸರಿಯಿಲ್ಲ. ಬುಟ್ಟಿಯವಳ ಹಾಗೆ ಕಾಣುವುದೇ ಇಲ್ಲ. ದಿನಾ ಉಡುವುದನ್ನು ಉಟ್ಟು ಬರಬಾರದಿತ್ತೇ? ಆಯಾಳನ್ನು ಕಳಿಸಿ ನಾಟಕದ ಪೆಟ್ಟಿಗೆಯಿಂದ ಒಂದು ಹೊದಿಕೆ ತರಿಸಿದರು. ಮಕ್ಕಳ ನಾಟಕದಲ್ಲಿ ಭಿಕ್ಷುಕಿಯ ಪಾತ್ರಕ್ಕೆ ಹೊಲಿಸಿದ್ದು. ಹೊಸ ಬಟ್ಟೆಯನ್ನೇ ಕತ್ತರಿಸಿ, ಬೇರೆ ಬಣ್ಣದ ತೇಪೆ ಹಾಕಿ, ಬೇಕೆಂದೇ ಹಳೆಯದು ಮಾಡಿದ್ದು.

ಅವಳು ಹೊದ್ದುಕೊಂಡಳು. ಎರಡು ಗಳಕ್ಕಾಗಿ ಹೊದ್ದುಕೊಂಡಳು. ಆ ಹೊತ್ತಿನಲ್ಲಿ ಅವಳ ಕುತ್ತಿಗೆ ಎಷ್ಟು ಬಿಸಿಯಾಗಿತ್ತೆಂದು ಅವಳಿಗೇ ಗೊತ್ತು.

ಶಾಲೆಯ ದೊಡ್ಡ ಹಾಲಿನ ಮೂಲೆಯಲ್ಲಿ ಗೋಣಿಚೀಲ ಹಾಸಿ ಕೂರಿಸಿದರು. ಪಕ್ಕದಲ್ಲಿ ಒಂದು ಬೋರ್ಡು. ಅವಳಿಗೆ ಓದಲು ಬರುವುದಿಲ್ಲ. ಬಂದವರು ಗಟ್ಟಿಯಾಗಿ ಓದುತ್ತಿದ್ದರು, ಹಾಗಾಗಿ ಗೊತ್ತಾಯಿತು. 'ಅಳಿವಿನಂಚಿನ ಕಲೆ' ಎಂದಿತ್ತು. ಅತಿಥಿಗಳು ಬಂದು ನಿಂತು ನೋಡಿದರು. ದಿನಕ್ಕೆ ಎಷ್ಟು ಹೆಣೀತಾರೆ, ಇವರ ಮಕ್ಕಳೂ ಇದನ್ನೇ ಮಾಡ್ತಾರಾ ಎಂದು ಕೇಳಿದರು. ಕೇಳಿದ್ದು ಮೇಡಂರನ್ನು, ಉತ್ತರ ಕೊಟ್ಟದ್ದೂ ಮೇಡಂ. ಅವಳು ನಡುವೆ ಗೋಣಿಯ ಮೇಲೆ ಕೂತಿದ್ದಳು.

ಉದ್ದ ಮೇಜಿನ ಮೇಲೆ ಮಕ್ಕಳ ಬುಟ್ಟಿಗಳು ಸಾಲಾಗಿದ್ದವು. ಅವಳು ಕಲಿಸುವಾಗ ಹೆಣೆದವಲ್ಲ. ಆಮೇಲೆ ಮಾಸ್ಟರು ಚಾರ್ಟು ನೋಡಿ ಹೆಣೆಸಿದವು. ಕೆಂಪು, ಹಳದಿ, ನೀಲಿ ಬಣ್ಣ ದಪ್ಪಗೆ ಬಳಿದು ಮೇಲೆ ವಾರ್ನಿಷ್ ಹೊಡೆದಿದ್ದರು. ಕೂತಲ್ಲಿಂದಲೇ ಅವಳು ಕಡ್ಡಿ ಎಣಿಸಿದಳು. ಹದಿನಾರು. ಪಕ್ಕದ್ದೂ ಹದಿನಾರು. ಎಳೆಗಳು ಒಂದನ್ನೊಂದು ಕಚ್ಚಿರಲಿಲ್ಲ. ಅವನ್ನು ಹಿಡಿದಿದ್ದದ್ದು ಬಣ್ಣ ಮಾತ್ರ.

ಮುಖ್ಯ ಅತಿಥಿ ಒಂದು ಬುಟ್ಟಿ ಎತ್ತಿ, ಬೆರಳಲ್ಲಿ ತಟ್ಟಿ, ಅದ್ಭುತ ಎಂದರು. ಮಕ್ಕಳಿಗೆ ಇದನ್ನೆಲ್ಲ ಕಲಿಸಿದ್ದು ಯಾರು ಎಂದು ಕೇಳಿದರು. ಮೇಡಂ ಡ್ರಾಯಿಂಗ್ ಮಾಸ್ಟರ ಬೆನ್ನ ಮೇಲೆ ಕೈಯಿಟ್ಟು ಮುಂದೆ ತಂದರು. ಮಾಸ್ಟರು ಕೈ ಮುಗಿದರು. ಚಪ್ಪಾಳೆ ಬಿತ್ತು.

ಬುಟ್ಟಿಯವಳು ಎದ್ದಳು.

ಎದ್ದದ್ದು ಯಾರಿಗೂ ಗೊತ್ತಾಗಲಿಲ್ಲ. ನೆಲದ ಮೇಲಿದ್ದವರು ಎದ್ದರೆ ಯಾರು ನೋಡುತ್ತಾರೆ? ನೇರ ಮೇಜಿನ ಹತ್ತಿರ ಹೋಗಿ ಎಲ್ಲಕ್ಕಿಂತ ದೊಡ್ಡ ಬುಟ್ಟಿಯನ್ನು ಕೈಗೆ ತೆಗೆದುಕೊಂಡಳು.

"ಇದಕ್ಕೆ ಇನ್ನೂ ಹೊರೆ ಬಿದ್ದಿಲ್ಲ," ಎಂದಳು. "ನಮ್ಮಲ್ಲಿ ಹೊರೆ ಬೀಳೋತನಕ ಬುಟ್ಟಿ ಅನ್ನಲ್ಲ."

ಅತಿಥಿಗೆ ಇದೂ ಪ್ರದರ್ಶನದ ಭಾಗ ಎನ್ನಿಸಿತು. ಮಾಡಿ ತೋರಿಸಿ ಎಂದು ನಕ್ಕರು. ಬಾಗಿಲ ಬಳಿ ಸಾಲಾಗಿ ಹೂಕುಂಡಗಳಿದ್ದವು. ಅವಳು ಗಿಡವನ್ನು ಬೇರುಸಮೇತ ಎತ್ತಿ ಪಕ್ಕಕ್ಕಿಟ್ಟಳು. ಕುಂಡದ ಮಣ್ಣನ್ನು ಬುಟ್ಟಿಗೆ ಸುರಿದಳು. ಇನ್ನೊಂದು ಕುಂಡದ್ದನ್ನೂ ಸುರಿದಳು. ಬುಟ್ಟಿಯನ್ನು ಎದೆಯ ಮಟ್ಟಕ್ಕೆ ಎತ್ತಿದಳು. ವಾರ್ನಿಷ್ ಚಟಪಟ ಸಿಡಿಯಿತು. ಎಳೆಗಳು ಜಾರಿದವು. ತಳ ಇಡಿಯಾಗಿ ಕಳಚಿ ಬಿತ್ತು. ತಿಕ್ಕಿ ತೊಳೆದ ಬಿಳಿ ನೆಲದ ಮೇಲೆ, ಅತಿಥಿಯ ಬೂಟಿನ ಮೇಲೆ, ಮಾಸ್ಟರು ಹಿಡಿದಿದ್ದ ಪುಸ್ತಕದ ಮೇಲೆ ಮಣ್ಣು.

ಮಾಸ್ಟರಿಗೆ ಮೊದಲು ಬಾಯಿ ಬಂತು. "ಇದು ಅಲಂಕಾರಕ್ಕೆ ಮಾಡಿರೋದು. ಹೊರೋದಕ್ಕಲ್ಲ."

"ಹಾಗಿದ್ರೆ ಅಲಂಕಾರ ಅಂತ ಬರೀರಿ ಸರ್. ನಮ್ಮ ಕಸುಬು ಅಂತ ಬರೀಬೇಡಿ. ಹದಿನೇಳು ಅಂದೆ. ನಿಮಗೆ ಕೇಳಿಸ್ಲಿಲ್ಲ. ನೆಲದಿಂದ ಹೇಳಿದ್ದು ಕುರ್ಚಿಗೆ ಕೇಳಿಸಲ್ಲ."

ಮೇಡಂ ಅವಳ ತೋಳು ಹಿಡಿದರು. ಹೊರಗೆ ನಡಿ ಎಂದರು, ದನಿ ತಗ್ಗಿಸಿ, ಹಲ್ಲಿನ ಸಂದಿಯಿಂದ. ಅವಳು ತೋಳು ಬಿಡಿಸಿಕೊಂಡಳು. ಜೋರು ಮಾಡಲಿಲ್ಲ. ದಿನಾ ಬಿದಿರು ಸೀಳುವ ತೋಳದು, ಜೋರು ಬೇಕಾಗಲಿಲ್ಲ.

ಆಗ ಹಿಂದಿನಿಂದ ಒಂದು ದನಿ ಬಂತು. "ಟೀಚರ್, ನಂದು ನೋಡ್ತೀರಾ?"

ಪ್ರಶ್ನೆ ನಿಂತಿದ್ದಳು. ಕೈಯಲ್ಲಿ ಅವಳ ಮೊದಲ ಬುಟ್ಟಿ. ಜಗುಲಿಯಲ್ಲಿ ಕಲಿಯುವಾಗ ಹೆಣೆದದ್ದು. ಒಂದು ಕಡೆ ವಾಲಿತ್ತು, ಬಾಯಿ ಸೊಟ್ಟ, ಬಣ್ಣವಿಲ್ಲ. ಅಂದವಿಲ್ಲವೆಂದು ಮಾಸ್ಟರು ಪ್ರದರ್ಶನಕ್ಕೆ ಸೇರಿಸಿರಲಿಲ್ಲ. ಬೆಂಚಿನ ಕೆಳಗೆ ಬಚ್ಚಿಟ್ಟಿದ್ದಳಂತೆ. ಬುಟ್ಟಿಯವಳು ತಿರುಗಿಸಿ ಎಣಿಸಿದಳು. ಹದಿನೇಳು.

ಅವಳು ನೆಲದ ಮೇಲೆ ಕೂತು, ಚೆಲ್ಲಿದ ಮಣ್ಣನ್ನೆಲ್ಲ ಎರಡೂ ಕೈಯಲ್ಲಿ ಬಾಚಿ ಆ ಬುಟ್ಟಿಗೆ ತುಂಬಿದಳು. ಮೈಮೇಲಿನ ಭಿಕ್ಷುಕಿಯ ಹೊದಿಕೆಯನ್ನು ಕಿತ್ತು, ಹುರಿ ಮಾಡಿ, ಸುತ್ತಿ, ಸಿಂಬೆ ಮಾಡಿ ತಲೆಗಿಟ್ಟಳು. ಅದಕ್ಕಾದರೂ ಉಪಯೋಗಕ್ಕೆ ಬಂತು ಆ ಬಟ್ಟೆ. ಸಿಂಬೆಯ ಮೇಲೆ ಬುಟ್ಟಿ ಏರಿಸಿದಳು. ಒಗೆದು ಉಟ್ಟ ಒಳ್ಳೆಯ ಬಟ್ಟೆಯಲ್ಲಿ, ಬೆನ್ನು ನೆಟ್ಟಗೆ ಮಾಡಿ ಹಾಲಿನ ನಡುವೆ ನಡೆದಳು. ಕಿರ್ರ್ ಎಂದಿತು ಬುಟ್ಟಿ. ಹಿಡಿತ ಬಿಡಲಿಲ್ಲ.

ಹೊಸ್ತಿಲವರೆಗೆ ಹೊರಬೇಕು. ಅವಳ ಹೊಸ್ತಿಲು ಎಲ್ಲಿ? ಅವಳು ಶಾಲೆಯ ಹಿಂದಕ್ಕೆ ನಡೆದಳು. ಗುಡಿಸಲಿದ್ದ ಜಾಗದಲ್ಲಿ ಈಗ ನೀರಿನ ಟ್ಯಾಂಕು. ಮೆಳೆ ಮಾತ್ರ ಇದ್ದಲ್ಲೇ ಇತ್ತು. ಬುಡಕ್ಕೆ ಮಣ್ಣು ಕಾಣದೆ ಎಷ್ಟು ವರ್ಷವಾಗಿತ್ತೋ, ಬೇರುಗಳು ಮೇಲೆದ್ದಿದ್ದವು. ಬುಟ್ಟಿ ಇಳಿಸಿ, ಮಣ್ಣನ್ನು ಬುಡಕ್ಕೆ ಸುರಿದು, ತಿರುಗಿ ನೋಡಿದಳು. ಪ್ರಶ್ನೆ ಬಂದಿದ್ದಳು. ಅವಳ ಹಿಂದೆ ಬೆರಳು ಕುಯ್ದುಕೊಂಡು ಅತ್ತವನು, ಅವನ ಹಿಂದೆ ಇನ್ನೂ ಹತ್ತು ಹನ್ನೆರಡು ಮಕ್ಕಳು.

"ಹೊತ್ತೆ," ಎಂದಳು.

ಹುಡುಗಿ ಅತ್ತುಬಿಟ್ಟಳು. ಅಳು ಆಮೇಲೆ, ಇನ್ನೊಂದು ಪಾಠ ಬಾಕಿಯಿದೆ ಎಂದಳು ಬುಟ್ಟಿಯವಳು. ಗಳ ಕಡಿಯುವುದನ್ನು ಶಾಲೆಯವರು ಪಾಠದಲ್ಲಿ ಸೇರಿಸಿರಲಿಲ್ಲ. ಬಿದಿರು ಎಲ್ಲಿಂದ ಬರುತ್ತದೆಂದು ಮಕ್ಕಳು ನೋಡಬಾರದಿತ್ತು. ಅವಳು ಸೊಂಟಕ್ಕೆ ಸಿಕ್ಕಿಸಿದ್ದ ಕತ್ತಿ ತೆಗೆದಳು. ಎಳೆಯದನ್ನು ಕಡೀಬಾರದು, ಮೂರು ವರ್ಷ ದಾಟಿದ್ದನ್ನು ಬಡಿದರೆ ಗಟ್ಟಿ ದನಿ ಬರುತ್ತದೆ, ಗೆಣ್ಣಿನ ಮೇಲೆ ಓರೆಯಾಗಿ ಏಟು ಹಾಕಬೇಕು ಎಂದು ಹೇಳುತ್ತಲೇ ಕಡಿದಳು. ನಾಲ್ಕು ಏಟು. ಹಗಲು ಹೊತ್ತಿನಲ್ಲಿ, ಎಲ್ಲರ ಕಿವಿಗೂ ಬೀಳುವ ಹಾಗೆ. ಮೇಲಿನ ಮುಳ್ಳುಕೊಂಬೆಗಳ ಸಿಕ್ಕಿನಿಂದ ಗಳ ಬರಲಿಲ್ಲ. ಎಳೀರಿ ಎಂದಳು. ಎಲ್ಲರೂ ಎಳೆದರು. ಗಳ ಸರ್ರನೆ ಬಂತು, ಅರ್ಧ ಮಕ್ಕಳು ಹಿಂದಕ್ಕೆ ಬಿದ್ದರು.

ಕೊಂಬೆ ಸವರಿ, ಭುಜಕ್ಕೇರಿಸಿ, ಬುಟ್ಟಿಯನ್ನು ತೋಳಿಗೆ ಸಿಕ್ಕಿಸಿ ಹೊರಟಳು. ಹಿಂದಿನ ತುದಿಯನ್ನು ಮಕ್ಕಳು ಹಿಡಿದರು. ಸಣ್ಣ ಗೇಟಿನ ಕಡೆಗೆ ತಿರುಗಲಿಲ್ಲ. ಕಾರುಗಳು ನಿಂತಿದ್ದ ಮುಂದಿನ ಅಂಗಳಕ್ಕೆ ಬಂದು ದೊಡ್ಡ ಗೇಟಿನ ಎದುರು ನಿಂತಳು.

ಗೇಟಿನವನ ಕೈಯಲ್ಲಿ ಅದೇ ಕೋಲು. ಅಭ್ಯಾಸದಂತೆ ಆ ಕಡೆ ಹೋಗು ಎಂದು ಓಣಿ ತೋರಿಸಿದ.

"ಆ ಗೇಟಲ್ಲಿ ಗಳ ತಿರುಗಲ್ಲ," ಎಂದಳು. "ನಿನಗೂ ಗೊತ್ತು. ಆರು ವಾರ ನಿಂತು ನೋಡಿದ್ದೀಯ."

"ನನ್ನ ಕೆಲ್ಸ ಹೋಗುತ್ತೆ ಅಕ್ಕ."

"ನಂದು ಹನ್ನೆರಡು ವರ್ಷದ ಹಿಂದೆನೇ ಹೋಯ್ತು." ಎಡಗೈಯನ್ನು ಅವನ ಮುಂದೆ ಚಾಚಿದಳು. "ಹೊಡೀಬೇಕು ಅನ್ಸಿದ್ರೆ ಹೊಡಿ. ಇನ್ನೂ ನಾಲ್ಕು ನೆಟ್ಟಗಿವೆ."

ಅವನು ಬೆರಳು ನೋಡಿದ. ಮಕ್ಕಳು ಅವನನ್ನು ನೋಡುತ್ತಿದ್ದರು. ಕೋಲನ್ನು ಕಂಕುಳಿಗೆ ಸೇರಿಸಿದ. ಗೇಟು ಮಾತ್ರ ತೆಗೆಯಲಿಲ್ಲ.

ಮೆಟ್ಟಿಲ ಮೇಲಿಂದ ಮೇಡಂ, ತೆಗೀಬೇಡ ಎಂದು ಕೂಗಿದರು. ಅಷ್ಟರಲ್ಲಿ ಮುಖ್ಯ ಅತಿಥಿ ಬೂಟು ಒರೆಸಿಕೊಂಡು ಬಂದು ಕಾರು ಹತ್ತಿದ್ದರು. ಅವರಿಗೆ ಇಲ್ಲಿಂದ ಹೊರಟರೆ ಸಾಕಾಗಿತ್ತು. ಕಾರು ಬಂದು ಅವಳ ಬೆನ್ನ ಹಿಂದೆ ನಿಂತಿತು, ಹಾರ್ನ್ ಹೊಡೆಯಿತು. ಪಕ್ಕಕ್ಕೆ ಸರಿ ಎಂದು ಮೇಡಂ ಕೂಗಿದರು. ಅವಳು ಸರಿಯಲಿಲ್ಲ. ಕಾರು ಮತ್ತೆ ಹಾರ್ನ್ ಹೊಡೆಯಿತು. ಅದರ ಹಿಂದೆ ಇನ್ನೊಂದು ಕಾರು ಬಂತು, ಮತ್ತೊಂದು ಬಂತು. ಇಪ್ಪತ್ತು ಅಡಿಯ ಗಳ ಅಂಗಳದ ನಡುವೆ ಇತ್ತು. ಮಕ್ಕಳು ಹಿಡಿದ ಕೈ ಬಿಡಲಿಲ್ಲ.

"ತೆಗಿ, ತೆಗೆದು ಸಾಯಿ," ಎಂದರು ಮೇಡಂ ಕೊನೆಗೆ.

ಗೇಟಿನವನು ಎರಡೂ ಬಾಗಿಲನ್ನು ಪೂರ್ತಿ ತೆರೆದ. ಅವಳು ಅವಸರ ಮಾಡಲಿಲ್ಲ. ಹೊರೆ ಹೊತ್ತವರು ನಡೆಯುವ ಹಾಗೆ ನಡೆದಳು. ಹಿಂದೆ ಕಾರುಗಳು ಒಂದೊಂದೇ ಹೆಜ್ಜೆ ತೆವಳಿದವು.

ರಸ್ತೆಗೆ ಬಂದಾಗ ಮಕ್ಕಳನ್ನು ಒಳಗೆ ಹೋಗಿ ಎಂದಳು. ಗುರುವಾರ ಕ್ಲಾಸು ಇದೆಯಾ ಎಂದಳು ಪ್ರಶ್ನೆ. ಬುಟ್ಟಿಯವಳು ಗೇಟಿನವನಿಗೂ ಮೆಟ್ಟಿಲ ಮೇಲಿದ್ದವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು.

"ಇದೆ. ಮೆಳೆ ಹತ್ರ. ಈ ಗೇಟಿನಿಂದಲೇ ಬರ್ತೀನಿ."

ಗಳದ ಹಿಂದಿನ ತುದಿ ರಸ್ತೆಗೆ ಉಜ್ಜಿ ಗರಗರ ಸದ್ದು ಮಾಡುತ್ತ ಸಾಗಿತು. ಮನೆಯ ಬಾಗಿಲಲ್ಲಿ ಕೂತಿದ್ದ ಅಕ್ಕ ಆ ಸದ್ದನ್ನು ದೂರದಿಂದಲೇ ಕೇಳಿಸಿಕೊಂಡಳು. ಹತ್ತಿರ ಬಂದಾಗ ಎದ್ದು, ಗಳಕ್ಕೆ ಕೈ ಹಚ್ಚಿ, ಬುಡದಿಂದ ತುದಿಯವರೆಗೆ ಸವರುತ್ತ ನಡೆದಳು. ಬಹಳ ಹೊತ್ತು ಹಿಡಿಯಿತು. ಎಲ್ಲಿಯೂ ತುಂಡಾಗಿರಲಿಲ್ಲ.